ದಪ್ಪ ಪುಸ್ತಕ ಪೂಜೆಗೆ ಕೂತ ದಸರೆ

ಕೀ… ಎಂದು ಒಂದೇ ಉಸಿರಿನಲ್ಲಿ ಎಳೆಯುವ ಶಿಳ್ಳೆ. ಅದು ನಿಲ್ಲುತ್ತಿದ್ದಂತೆ ಕರ್ರ್ ಕರ್ರ್ ಎಂದು ಕಿವಿ ಗೀಚುವ ಇನ್ನೊಂದು ಸದ್ದು. ಎಂಬತ್ತರ ದಶಕದ ನಡುವಿನ ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಇದೇ. ಕ್ಯಾಸೆಟ್ಟಿನಲ್ಲಿದ್ದ ಪ್ರೋಗ್ರಾಮು ಟೇಪ್ ರೆಕಾರ್ಡರಿನಿಂದ ವೈರಿನ ಮೂಲಕ ಕಂಪ್ಯೂಟರಿಗೆ ಇಳಿಯುವ ಸದ್ದು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಅದು ಶುರುವಾದರೆ ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು.

"ಮಿಕ್ಸಿಗೆ ಕಲ್ಲು ಹಾಕಿದ್ಯೇನೇ? ಆಫ್ ಮಾಡೇ, ಪಕ್ಕದ್ಮನೆ ಮಗು ಏಳುತ್ತೆ!"

ಆಫ್ ಮಾಡುವಂತಿರಲಿಲ್ಲ. ನಡುವೆ ಯಾರಾದರೂ ಬಚ್ಚಲುಮನೆಯ ಸ್ವಿಚ್ಚು ಒತ್ತಿ ವೋಲ್ಟೇಜು ಅಲ್ಲಾಡಿದರೂ ಸಾಕು, ಮತ್ತೆ ಮೊದಲಿನಿಂದ. ಆ ಸದ್ದು ಬೀದಿಯಲ್ಲಿ ಯಾರಿಗೂ ಹಿಡಿಸುತ್ತಿರಲಿಲ್ಲ. ನನಗೆ ಹಿಡಿಸುತ್ತಿತ್ತು. ಇಂದಿಗೂ ಹಿಡಿಸುತ್ತದೆ. ನಗುವವರು ನಗಲಿ, ಐ ಡೋಂಟ್ ಕೇರ್.

ನಾನು ಕಾನ್ವೆಂಟಿನಲ್ಲಿ ಓದಿದವಳು. ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಇಂಗ್ಲಿಷು ನನ್ನದು. ಕನ್ನಡ ಮಾತ್ರ ಮನೆಯಲ್ಲಿ ಕಿವಿಯಿಂದ ಬಂದದ್ದು. ಮದುವೆಯಾದ ಮೇಲೆ ಕೆಲಸ ಸಿಕ್ಕಿದ್ದು ರಾಜಾಜಿನಗರದ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ, ಗಣಿತದ ಮಿಸ್ ಆಗಿ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸುವವರ, ಪ್ಯಾಕಿಂಗ್ ಮಾಡುವವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಬೆಳಗ್ಗೆ ಫ್ಯಾಕ್ಟರಿ ಸೈರನ್ನು ನಮ್ಮ ಪ್ರೇಯರಿನ ನಡುವೆಯೇ ಕೂಗುತ್ತಿತ್ತು, ಮಕ್ಕಳು ಅದಕ್ಕೂ ಸೇರಿಸಿ ಹಾಡುತ್ತಿದ್ದರು.

ಆ ಶಾಲೆಗೆ ಒಂದು ಜೂನಿನಲ್ಲಿ ಎರಡು ಕಂಪ್ಯೂಟರ್ ಬಂದವು. ವಿದೇಶದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಕಳಿಸಿದ್ದು. ಈಗಿನವರು ಕಂಪ್ಯೂಟರ್ ಎಂದರೆ ಏನು ನೆನೆಯುತ್ತಾರೋ ಅದಲ್ಲ ಅದು. ಕೀಬೋರ್ಡೇ ಕಂಪ್ಯೂಟರು, ಅದರ ಹೊಟ್ಟೆಯೊಳಗೇ ಎಲ್ಲ. ಪರದೆ ಬೇಕೆಂದರೆ ಟಿವಿಗೆ ಸಿಕ್ಕಿಸಬೇಕು, ಬರೆದದ್ದು ಉಳಿಯಬೇಕೆಂದರೆ ಕ್ಯಾಸೆಟ್ಟಿಗೆ ತುಂಬಬೇಕು. ಕರೆಂಟು ಹೋದರೆ ಬರೆದದ್ದೆಲ್ಲ ಹೋಯಿತು.

ಜೊತೆಗೆ ಎರಡು ಪುಸ್ತಕ ಬಂದಿದ್ದವು. ಒಂದು ತೆಳ್ಳನೆಯದು, ಮೆಷಿನ್ನಿಗೆ ಬೇಸಿಕ್ ಭಾಷೆಯಲ್ಲಿ ಕೂಡು, ಕಳೆ, ಪರದೆಯ ಮೇಲೆ ಬರಿ ಎಂದು ಹೇಳುವುದನ್ನು ಕಲಿಸುತ್ತಿತ್ತು. ಇನ್ನೊಂದು ದಪ್ಪನೆಯದು, ಟೆಕ್ನಿಕಲ್ ರೆಫರೆನ್ಸ್. ಮೆಷಿನ್ನಿನ ಮೆಮೊರಿ ಒಂದು ಬಡಾವಣೆ ಎಂದುಕೊಂಡರೆ ಆ ಪುಸ್ತಕ ಅದರ ನಕ್ಷೆ. ಯಾವ ನಂಬರಿನ ಮನೆಯಲ್ಲಿ ಏನಿದೆ, ಯಾವ ಮನೆಯ ಬಾಗಿಲು ತಟ್ಟಿದರೆ ಪರದೆ ಬಣ್ಣ ಬದಲಾಗುತ್ತದೆ, ಯಾವುದನ್ನು ತಟ್ಟಲೇಬಾರದು, ಎಲ್ಲ ಅದರಲ್ಲಿತ್ತು. ಹೆಡ್‌ಮಾಸ್ಟರು ಅದನ್ನು ಸ್ಟೀಲ್ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು.

"ಅದು ಇಂಜಿನಿಯರುಗಳ ಪುಸ್ತಕ ಕಣಮ್ಮ. ನಮಗ್ಯಾಕೆ? ಹರಿದ್ರೆ ಯಾರು ಉತ್ತರ ಹೇಳೋದು?"

ಅವರು ಕೆಟ್ಟವರಲ್ಲ. ಹೆದರಿದವರು. ಅವರನ್ನು ಹೆದರಿಸಿಟ್ಟಿದ್ದವರು ನಮ್ಮ ಟ್ರಸ್ಟಿನ ಕಾರ್ಯದರ್ಶಿ. ಕಚ್ಚೆಪಂಚೆ, ಕಪ್ಪು ಕೋಟು, ಜೇಬಿನಲ್ಲಿ ಎರಡು ಪೆನ್ನು. ಬಸವೇಶ್ವರನಗರದಲ್ಲಿ ನಡೆಯುತ್ತಿದ್ದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯೂ ಅದೇ ಟ್ರಸ್ಟಿನದು. ಅದು ಅವರ ಕಣ್ಮಣಿ. ದಸರಾ ರಜೆಗೆ ಮುಂಚಿನ ಸ್ಟಾಫ್ ಮೀಟಿಂಗಿನಲ್ಲಿ ಅವರು ಕಾಫಿ ಲೋಟ ಕೆಳಗಿಟ್ಟು, ಹವಾಮಾನದ ಸುದ್ದಿ ಹೇಳುವಷ್ಟೇ ಹಗುರವಾಗಿ ಹೇಳಿದರು:

"ರಜ ಮುಗಿದ ಮೇಲೆ ಆ ಕಂಪ್ಯೂಟರ್‌ಗಳನ್ನ ಆ ಕಡೆ ಸ್ಕೂಲಿಗೆ ಸಾಗಿಸಿಬಿಡೋಣ. ಮೆಷಿನ್ನಿಗೆ ಬರೋದು ಇಂಗ್ಲಿಷ್. ಇಲ್ಲಿನ ಮಕ್ಕಳಿಗೆ ಇಂಗ್ಲಿಷ್ ಬರಲ್ಲ. ಸುಮ್ನೆ ಧೂಳು ಕುಡೀತಾ ಕೂತಿದೆ."

ಧೂಳು ಕುಡಿಯುತ್ತಿರಲಿಲ್ಲ. ನಮ್ಮ ಮಕ್ಕಳು ಮಧ್ಯಾಹ್ನದ ಊಟದ ಡಬ್ಬಿ ಬಿಟ್ಟು ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಮೆಷಿನ್ನು ಇಂಗ್ಲಿಷಿನಲ್ಲಿ ಬೈಯುತ್ತಿದ್ದ ಎರರ್ ಮೆಸೇಜುಗಳಿಗೆಲ್ಲ ಅವರು ತಮ್ಮದೇ ಹೆಸರಿಟ್ಟಿದ್ದರು: ಒಂದು ಹೊಟ್ಟೆನೋವು, ಇನ್ನೊಂದು ಮುನಿಸು. ನನಗೆ ಮೈಯೆಲ್ಲ ಉರಿಯಿತು.

"ಮಕ್ಕಳಿಗೆ ಇಂಗ್ಲಿಷ್ ಬರಲ್ಲ ಅಂದ್ರೆ ಮೆಷಿನ್ನಿಗೆ ಕನ್ನಡ ಬರಲಿ ಸಾರ್," ಎಂದೆ.

ಯಾರೋ ನಕ್ಕರು. ಕಾರ್ಯದರ್ಶಿಗಳೂ ನಕ್ಕರು. "ಬರಲಿ ಬರಲಿ. ರಜ ಮುಗಿದ ದಿನ ಕಮಿಟಿ ಬರುತ್ತೆ. ಕನ್ನಡ ಮಾತಾಡಿಸಿ ತೋರಿಸಿ ಮೇಡಮ್. ಆಗ ನೋಡೋಣ."

ಮೀಟಿಂಗು ಮುಗಿದ ಮೇಲೆ ಹೆಡ್‌ಮಾಸ್ಟರ ಮುಂದೆ ನಿಂತೆ. ದಪ್ಪ ಪುಸ್ತಕ ಬೇಕು, ಒಂದು ಮೆಷಿನ್ನೂ ಬೇಕು, ರಜೆಗೆ ಮನೆಗೆ ಒಯ್ಯುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. ನನ್ನ ಕಾನ್ವೆಂಟ್ ಇಂಗ್ಲಿಷನ್ನು ನಾನು ಹೊರಗೆ ತೆಗೆಯುತ್ತಿದ್ದದ್ದು ಯಾರನ್ನಾದರೂ ಹೆದರಿಸಬೇಕಾದಾಗ ಮಾತ್ರ. ಅವತ್ತು ತೆಗೆದೆ. ಮದರ್ ಸುಪೀರಿಯರ್ ಮೂಗಿನಿಂದ ಮಾತಾಡುತ್ತಿದ್ದ ಧಾಟಿಯಲ್ಲೇ, ಒಂದು ಪುಸ್ತಕ ಬೀಗದೊಳಗೆ ಇದ್ದರೆ ಅದು ಪುಸ್ತಕವೇ ಅಲ್ಲ ಎಂಬ ಅರ್ಥದ್ದು ಏನೋ ಹೇಳಿದೆ. ಪಾಪ, ಅರ್ಧ ತಿಳಿಯಿತೋ ಇಲ್ಲವೋ, ಕೈ ಜನಿವಾರಕ್ಕೆ ಹೋಯಿತು.

"ಜೆರಾಕ್ಸ್ ಮಾತ್ರ ಮಾಡಿಸಬೇಡಿ. ಬೈಂಡಿಂಗ್ ಬಿಟ್ಟುಹೋಗುತ್ತೆ," ಎಂದು ಕೊಟ್ಟರು, ಮಗುವನ್ನು ಮೊದಲ ದಿನ ಶಾಲೆಗೆ ಬಿಡುವ ತಾಯಿಯ ಮುಖ ಮಾಡಿಕೊಂಡು.

ಆಟೋದಲ್ಲಿ ಮೆಷಿನ್ನು ತೊಡೆಯ ಮೇಲೆ, ಪುಸ್ತಕ ಎದೆಗೆ ಒತ್ತಿಕೊಂಡು ಮಾಗಡಿ ರೋಡಿನ ಕಡೆ ಇಳಿದದ್ದು ನೆನಪಿದೆ. ನನಗಿದ್ದ ಆಧಾರ ಅದೊಂದೇ. ಆಗ ಇಂಥ ಮಾಹಿತಿ ಇನ್ನೆಲ್ಲಿಯೂ ಸಿಗುತ್ತಿರಲಿಲ್ಲ. ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಲ್ಲಿ ಎಲ್ಲೋ ಒಂದು ವಿದೇಶಿ ಮ್ಯಾಗಜಿನ್ನು ಸಿಗುತ್ತಿತ್ತು, ಮುಖಪುಟವೇ ಇಲ್ಲದ್ದು. ಅದರ ಹಿಂದಿನ ಪುಟಗಳಲ್ಲಿ ಉದ್ದುದ್ದ ನಂಬರುಗಳ ಪಟ್ಟಿ. ಅದನ್ನು ಹಾಗೇ ಟೈಪ್ ಮಾಡಿದರೆ ಆಟವೋ ಹಾಡೋ ಬರುತ್ತದೆ ಎಂದು ಬರೆದಿರುತ್ತಿತ್ತು. ಅಚ್ಚಿನಲ್ಲಿ ಒಂದು ನಂಬರು ಅಳಿಸಿದ್ದರೂ ಮೆಷಿನ್ನು ಕಲ್ಲಿನಂತೆ ಕೂರುತ್ತಿತ್ತು. ನನ್ನ ಯಜಮಾನರು ಫ್ಯಾಕ್ಟರಿಯಲ್ಲಿ ಡ್ರಾಫ್ಟ್ಸ್‌ಮನ್, ಗೆರೆ ಎಳೆಯುವುದರಲ್ಲಿ ಪ್ರವೀಣರು, ಆದರೆ ಇದರಲ್ಲಿ ಅವರೂ ಕೈ ಮುಗಿದರು. "ನಿಮ್ಮಿಬ್ಬರ ಜಗಳದಲ್ಲಿ ನಾನು ಬರಲ್ಲ," ಎಂದರು. ಇಬ್ಬರೆಂದರೆ ನಾನು ಮತ್ತು ಮೆಷಿನ್ನು.

ಕೆಲಸ ಏನೆಂದು ಹೇಳುತ್ತೇನೆ. ಆ ಮೆಷಿನ್ನಿನಲ್ಲಿ ಪ್ರತಿ ಇಂಗ್ಲಿಷ್ ಅಕ್ಷರವೂ ಒಂದು ಪುಟ್ಟ ಚೌಕ, ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಯಾವ ಚುಕ್ಕಿ ಹೊತ್ತಬೇಕು, ಯಾವುದು ಆರಬೇಕು ಎಂದು ಸಾಲಿಗೊಂದು ನಂಬರಿನಲ್ಲಿ ಮೆಮೊರಿಯಲ್ಲಿ ಬರೆದಿಟ್ಟಿರುತ್ತದೆ. ಆ ನಂಬರುಗಳು ಎಲ್ಲಿವೆ ಎಂದು ತಿಳಿದರೆ ಅದರ ಬದಲು ನಮ್ಮ ಅಕ್ಷರದ ನಂಬರು ತುಂಬಬಹುದು. ಆದರೆ ಮೂಲ ಜಾಗ ಕಲ್ಲಿನಲ್ಲಿ ಕೆತ್ತಿದ ಹಾಗೆ, ಅಳಿಸಲಾಗುವುದಿಲ್ಲ. ಇನ್ನೊಂದು ಖಾಲಿ ಜಾಗದಲ್ಲಿ ನಮ್ಮ ಅಕ್ಷರಮಾಲೆ ಬರೆದು, "ಇನ್ನುಮೇಲೆ ಅಲ್ಲಿ ನೋಡಬೇಡ, ಇಲ್ಲಿ ನೋಡು" ಎಂದು ಮೆಷಿನ್ನಿಗೆ ವಿಳಾಸ ಬದಲಿಸಿ ಹೇಳಬೇಕು. ಮೂಲ ಜಾಗ ಎಲ್ಲಿದೆ, ಆ ವಿಳಾಸ ಎಲ್ಲಿ ಬರೆದಿದೆ, ಈ ಎರಡೂ ದಪ್ಪ ಪುಸ್ತಕದಲ್ಲಿದ್ದವು.

ರಜೆಯ ಮೊದಲ ದಿನಗಳು ಅಕ್ಷರ ಬಿಡಿಸುವುದರಲ್ಲೇ ಹೋದವು. ಗ್ರಾಫ್ ಪೇಪರು, ಪೆನ್ಸಿಲ್ಲು, ರಬ್ಬರು. ಇಂಗ್ಲಿಷಿನ ಎ ಒಂದೇ ಚೌಕದಲ್ಲಿ ಒಂಟಿ ಸಂಸಾರ ಮಾಡಿಕೊಂಡು ಇರುತ್ತದೆ. ನಮ್ಮ ಅ ಗೆ ಹಾಗಾಗದು, ಕೂಡುಕುಟುಂಬದ ಮನೆ ಬೇಕು. ನಾಲ್ಕು ಚೌಕ ಸೇರಿಸಿ ಒಂದು ಅಕ್ಷರ ಕೂರಿಸಿದೆ. ಅತ್ತೆ ಹೂ ಕಟ್ಟುತ್ತಾ ಪಕ್ಕದಲ್ಲಿ ಕೂತು ಇಣುಕುತ್ತಿದ್ದರು.

"ಇದೇನೇ ಇದು?"

"ಅ, ಅತ್ತೆ."

"ಅ ಅಲ್ಲ ಕಣೇ, ಬಾತುಕೋಳಿ. ಕಾನ್ವೆಂಟಲ್ಲಿ ಹಿಂಗೇ ಹೇಳ್ಕೊಡ್ತಿದ್ರಾ?"

"ಅಲ್ಲಿ ಹೇಳ್ಕೊಡ್ತಾನೇ ಇರ್ಲಿಲ್ಲ."

"ಅದಕ್ಕೇ ಮತ್ತೆ," ಎಂದು ಗೆದ್ದವರ ಹಾಗೆ ಹೂವಿನ ದಾರ ಹಲ್ಲಿನಿಂದ ಕಡಿದರು.

ಬಾತುಕೋಳಿಯನ್ನು ಅಳಿಸಿ ಮತ್ತೆ ಬಿಡಿಸಿದೆ. ಹೀಗೇ ಅಕ್ಷರಗಳು ಮುಗಿಯುತ್ತಾ ಬಂದವು. ಪುಸ್ತಕವನ್ನು ಬಿಚ್ಚಬೇಕು ಎನ್ನುವ ಹೊತ್ತಿಗೆ ಒಂದು ಬೆಳಗ್ಗೆ ನಾನು ಬಾಳೆಎಲೆ, ಸೇವಂತಿಗೆ ತರಲೆಂದು ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ವಾಪಸು ಬಂದರೆ ಹಾಲಿನಲ್ಲಿ ಊದುಬತ್ತಿಯ ಹೊಗೆ. ದಸರಾ ಗೊಂಬೆಗಳ ಮೆಟ್ಟಿಲಿನ ಪಕ್ಕ ಮಣೆ ಹಾಕಿ, ಅದರ ಮೇಲೆ ಪುಸ್ತಕಗಳನ್ನು ಜೋಡಿಸಿ, ರೇಷ್ಮೆ ವಸ್ತ್ರ ಹೊದಿಸಿ, ಅತ್ತೆ ಸರಸ್ವತಿ ಪೂಜೆ ಮುಗಿಸಿದ್ದರು. ಮೇಲುಗಡೆ, ಎಲ್ಲಕ್ಕೂ ಮೇಲೆ, ವಸ್ತ್ರದಿಂದ ಹೊರಗೆ ಮೂಗು ಚಾಚಿಕೊಂಡು, ಹಣೆಗೆ ಅರಿಶಿನ ಕುಂಕುಮ ಇಡಿಸಿಕೊಂಡು, ನನ್ನ ದಪ್ಪ ಪುಸ್ತಕ ಕೂತಿತ್ತು.

ನಮ್ಮ ಕಡೆ ಪದ್ಧತಿ ಹೇಗೆಂದರೆ, ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ. ಚಿಕ್ಕವರಿದ್ದಾಗ ಇದಕ್ಕಾಗಿ ಕಾಯುತ್ತಿದ್ದೆವು, ಹೋಮ್‌ವರ್ಕ್ ತಪ್ಪಿಸಿಕೊಳ್ಳಲು. ವಿಜಯದಶಮಿಯ ಮಾರನೆಯ ದಿನವೇ ಕಮಿಟಿ.

"ಅತ್ತೆ! ಅದನ್ನ ಯಾಕೆ ಇಟ್ರಿ? ನಂಗೆ ಬೇಕು ಅದು!"

"ಬೇಕಾಗಿರೋದನ್ನೇ ಅಲ್ವೇನೇ ಪೂಜೆಗೆ ಇಡೋದು? ಬೇಡದ್ದನ್ನ ಇಡ್ತಾರಾ?"

"ಈಗ ತೆಗೀತೀನಿ. ಆಮೇಲೆ ವಾಪಸ್ ಇಡ್ತೀನಿ."

"ಮುಟ್ಟು ನೋಡೋಣ!" ಅವರು ಎದ್ದು ನಿಂತರು. ಕೈಯಲ್ಲಿ ಇನ್ನೂ ಮಂಗಳಾರತಿ ತಟ್ಟೆ. "ನಿನ್ನ ಗಂಡನ ಡ್ರಾಯಿಂಗ್ ಪುಸ್ತಕ ಕೆಳಗಿಟ್ಟು ನಿಂದು ಮೇಲಿಟ್ಟಿದೀನಿ. ಮೊದಲ ಹೂವು ನಿನ್ನ ಪುಸ್ತಕಕ್ಕೇ ಹಾಕಿದೀನಿ. ಇನ್ನೇನು ಮಾಡಬೇಕಿತ್ತು ನಾನು?"

ಆ ಮನೆಗೆ ಸೊಸೆಯಾಗಿ ಬಂದು ಎಷ್ಟು ದಸರೆ ಆಗಿತ್ತು. ಪ್ರತಿ ಸಲ ಮಣೆಯ ಮೇಲೆ ಗಂಡಸರ ಪುಸ್ತಕಗಳಿದ್ದವು, ಪಂಚಾಂಗವಿತ್ತು, ಮಾವನವರು ಬಿಟ್ಟುಹೋದ ಒಂದು ಡಿಕ್ಷನರಿಯಿತ್ತು. ನನ್ನದು ಎಂಬ ಪುಸ್ತಕ ಅಲ್ಲಿ ಕೂತದ್ದು ಅದೇ ಮೊದಲು. ಕದ್ದು ತೆಗೆಯಬಹುದಿತ್ತು, ಮಧ್ಯಾಹ್ನ ಅವರು ಮಲಗಿದಾಗ. ಕೈ ಹೋಗಲಿಲ್ಲ. ಆದರೆ ಸೋಲುವ ಮನಸ್ಸೂ ಇರಲಿಲ್ಲ. ಸೋಫಾದ ಮೇಲೆ ದೊಪ್ಪೆಂದು ಕೂತು ಕೇಳಿದೆ:

"ಪುಸ್ತಕ ತಾನೇ ಮುಟ್ಟಬಾರದು? ಮೆಷಿನ್?"

ಅತ್ತೆ ಯೋಚಿಸಿದರು. ಅವರ ಶಾಸ್ತ್ರದಲ್ಲಿ ಎಲ್ಲಕ್ಕೂ ಜಾಗವಿತ್ತು. "ಅದು ಪುಸ್ತಕ ಅಲ್ಲ, ಆಯುಧ. ಆಯುಧಪೂಜೆ ಇನ್ನೂ ಇದೆ. ಅಲ್ಲೀವರೆಗೂ ಕುಟ್ಟಿಕೋ ಹೋಗು."

ಕುಟ್ಟಿದೆ. ಪುಸ್ತಕ ಹೇಳುವುದಿಲ್ಲ ಎಂದರೆ ಮೆಷಿನ್ನನ್ನೇ ಕೇಳುತ್ತೇನೆ ಎಂದು ಹಟ ಹಿಡಿದೆ. ಪುಸ್ತಕ ಬರೆದವರೂ ಮೆಷಿನ್ನು ನೋಡಿಯೇ ಅಲ್ಲವೇ ಬರೆದದ್ದು? ತೆಳ್ಳನೆಯ ಪುಸ್ತಕದಿಂದ ಕಲಿತ ಒಂದು ಮಾತಿತ್ತು, ಪೀಕ್. ಪೀಕ್ ಎಂದು ಮನೆ ನಂಬರು ಕೊಟ್ಟರೆ ಆ ಮನೆಯಲ್ಲಿ ಯಾವ ನಂಬರಿದೆ ಎಂದು ಮೆಷಿನ್ನು ಹೇಳುತ್ತದೆ. ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ. ಒಂದು ಪುಟ್ಟ ಪ್ರೋಗ್ರಾಮು ಬರೆದೆ: ಮೊದಲ ಮನೆಯಿಂದ ಶುರುಮಾಡಿ ಒಂದೊಂದನ್ನೇ ಇಣುಕಿ, ಸಿಕ್ಕ ನಂಬರನ್ನು ಎಂಟು ಚುಕ್ಕಿಗಳಾಗಿ ಟಿವಿಯ ಮೇಲೆ ಬಿಡಿಸುತ್ತಾ ಹೋಗು. ಎಲ್ಲಿ ಅಕ್ಷರದ ಆಕಾರ ಕಾಣುತ್ತದೋ ಅದೇ ನಾನು ಹುಡುಕುವ ಬೀದಿ.

ಪರದೆಯ ಮೇಲೆ ಚುಕ್ಕಿಗಳು ಒಂದರ ಕೆಳಗೊಂದು ಹರಿಯತೊಡಗಿದವು. ಅರ್ಥವಿಲ್ಲದ ಚುಕ್ಕಿ, ಇರುವೆ ಚೆಲ್ಲಿದಂತೆ. ನಾನು ರೆಪ್ಪೆ ಬಡಿಯದೆ ಕೂತೆ. ಸಂಜೆ ಗೊಂಬೆ ನೋಡಲು ಬೀದಿಯ ಹೆಣ್ಣುಮಕ್ಕಳು, ಅವರಮ್ಮಂದಿರು ಬಂದರು. ಗೊಂಬೆಯ ಹಾಡು ಹೇಳಿ, ಕಡಲೆಕಾಳು ಉಸಲಿ ತಿಂದು, ಅಲ್ಲೇ ನೆಲದ ಮೇಲೆ ಟಿವಿಯತ್ತ ತಿರುಗಿ ಕೂತರು.

"ಏನ್ ಸಿನಿಮಾ ಆಂಟಿ ಇದು? ಬರೀ ಚುಕ್ಕಿ?"

"ಹೀರೋ ಇನ್ನೂ ಬಂದಿಲ್ಲ ಕಣೇ," ಎಂದರು ಅತ್ತೆ, ಉಸಲಿ ಬಡಿಸುತ್ತಾ. "ಕಾಯ್ತಾ ಇದಾಳೆ ನಿಮ್ಮಾಂಟಿ."

ಮರುದಿನವೂ ಅದೇ. ಹಗಲು ಕರೆಂಟು ಎರಡು ಸಲ ಕೈಕೊಟ್ಟಿತು, ಕ್ಯಾಸೆಟ್ಟಿನಿಂದ ಮತ್ತೆ ಇಳಿಸಿಕೊಂಡೆ, ಬಿಟ್ಟ ಜಾಗದಿಂದ ಮುಂದುವರಿಸಿದೆ. ಸಂಜೆ ಮತ್ತೆ ಅದೇ ಮಕ್ಕಳು, ಬೇರೆ ಉಸಲಿ. ಇದ್ದಕ್ಕಿದ್ದಂತೆ ಇರುವೆಗಳು ಸಾಲುಗಟ್ಟಿದವು. ಒಂದು ನೆಟ್ಟನೆ ಗೆರೆ, ಅದರ ಕೆಳಗೆ ಚುಕ್ಕಿ, ಆಶ್ಚರ್ಯಸೂಚಕ ಚಿಹ್ನೆ! ಅದರ ಹಿಂದೆ ಅಂಕಿಗಳು, ಸೊನ್ನೆ, ಒಂದು, ಎರಡು. ಆಮೇಲೆ ತಲೆ ಚೂಪಾದ, ಕಾಲು ಅಗಲಿಸಿದ ಎ.

"ಬಂತು!" ಎಂದು ಕಿರುಚಿದೆ. ಮಕ್ಕಳು ಏಕೆ ಏನು ಎಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಅತ್ತೆ ಗೊಂಬೆಗೆ ಬೆಳಗಿದ ಆರತಿಯನ್ನು ಹಾಗೇ ಟಿವಿಗೂ ಬೆಳಗಿ ಹೋದರು.

ಬೀದಿ ಸಿಕ್ಕಿತು. ಆದರೆ ಆ ಬೀದಿಯ ವಿಳಾಸವನ್ನು ಮೆಷಿನ್ನು ಎಲ್ಲಿ ಬರೆದಿಟ್ಟುಕೊಂಡಿದೆ? ವಿಳಾಸ ದೊಡ್ಡ ನಂಬರು, ಒಂದೇ ಮನೆಯಲ್ಲಿ ಹಿಡಿಯುವುದಿಲ್ಲ. ದೊಡ್ಡ ಭಾಗ, ಸಣ್ಣ ಭಾಗ ಎಂದು ಎರಡು ಅಕ್ಕಪಕ್ಕದ ಮನೆಗಳಲ್ಲಿ ಇರುತ್ತದೆ. ದೊಡ್ಡದು ಮೊದಲು, ಸಣ್ಣದು ಆಮೇಲೆ ಎಂದು ಹುಡುಕಿದೆ. ಎಲ್ಲಿಯೂ ಇಲ್ಲ. ನಾವು ನಂಬರು ಬರೆಯುವುದೇ ಹಾಗಲ್ಲವೇ, ನೂರು ಮೊದಲು, ಬಿಡಿ ಆಮೇಲೆ. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದಾಗ ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ನಾದಿನಿಯ ಮಕ್ಕಳು ಬಂದಿದ್ದರು. ಯಜಮಾನರು ಹಸಿವೆಂದು ಎಲೆಯ ಮುಂದೆ ಮೊದಲೇ ಕೂತುಬಿಟ್ಟಿದ್ದರು.

"ಏಳೋ ಮೇಲೆ," ಎಂದರು ಅತ್ತೆ. "ಚಿಕ್ಕೋರು ಮೊದಲು. ದೊಡ್ಡೋರು ಆಮೇಲೆ. ಈ ಮನೇಲಿ ಯಾವಾಗ್ಲೂ ಹಂಗೇ."

ಅವರು ಹೇಳಿದ್ದು ಊಟದ ಸರದಿಯ ಮಾತು. ಆದರೆ ನಾನು ಮಕ್ಕಳಿಗೆ ಅನ್ನ ಕಲಸುತ್ತಿದ್ದ ಕೈಯಲ್ಲೇ ಎದ್ದುಹೋದೆ. ಎಡಗೈ ಬೆರಳಿನಿಂದ ಪ್ರೋಗ್ರಾಮು ತಿದ್ದಿದೆ: ಸಣ್ಣದು ಮೊದಲು, ದೊಡ್ಡದು ಆಮೇಲೆ. ಆ ಮೆಷಿನ್ನಿನ ಮನೆಯಲ್ಲೂ ಪದ್ಧತಿ ಹಾಗೇ ಇತ್ತು. ವಿಳಾಸ ಸಿಕ್ಕಿತು. ಸಾರು ತಣ್ಣಗಾಗಿತ್ತು, ಅತ್ತೆ ಬೈದರು, ಅಷ್ಟು ರುಚಿಯಾದ ಸಾರನ್ನು ನಾನು ಮತ್ತೆ ಉಂಡಿಲ್ಲ.

ಅಂದು ಸಂಜೆ ಟಿವಿಯ ಮೇಲೆ ಮೊದಲ ಅ ಬಂತು. ಸ್ವಲ್ಪ ಕುಳ್ಳು, ಸ್ವಲ್ಪ ದಪ್ಪ, ಆದರೆ ಅ. ಗೊಂಬೆ ನೋಡಲು ಬಂದ ಪುಟ್ಟಿಯೊಬ್ಬಳು ಎದ್ದು ಹೋಗಿ ಪರದೆಗೆ ಬೆರಳಿಟ್ಟು ತಿದ್ದಿದಳು, ಸ್ಲೇಟಿನ ಮೇಲೆ ತಿದ್ದುವ ಹಾಗೆ. ಆಮೇಲೆ ಲೆಕ್ಕ ಕೇಳುವ ಪ್ರೋಗ್ರಾಮು ಬರೆದೆ: ಕನ್ನಡ ಅಂಕಿಗಳಲ್ಲಿ ಎರಡು ಸಂಖ್ಯೆ, ಕೂಡಿ ಉತ್ತರ ಒತ್ತಬೇಕು. ಸರಿಯಾದರೆ "ಸರಿ" ಎಂದು, ಇಲ್ಲದಿದ್ದರೆ "ತಪ್ಪು" ಎಂದು.

"ತಪ್ಪು ಅಂತ ಯಾಕೆ ಹಾಕ್ತೀಯ?" ಎಂದರು ಅತ್ತೆ. "ಮತ್ತೆ ಮಾಡು ಅಂತ ಹಾಕು. ಮೆಷಿನ್ನೂ ಬೈಯ್ಬೇಕಾ ಮಕ್ಕಳನ್ನ?"

ಹಾಗೇ ಹಾಕಿದೆ. ಆಯುಧಪೂಜೆಯ ದಿನ ಮೆಷಿನ್ನಿಗೂ ಕುಂಕುಮ ಬಿತ್ತು, ಮೇಲಿನ ಸಾಲಿನ ಒಂದು ಕೀ ಕೆಂಪಾಗಿಯೇ ಉಳಿಯಿತು. ವಿಜಯದಶಮಿಯಂದು ಅತ್ತೆ ತಾವೇ ಪುಸ್ತಕ ತೆಗೆದು ನನ್ನ ಎರಡೂ ಕೈಯಲ್ಲಿಟ್ಟರು. ಅವತ್ತು ಒಂದು ಸಾಲಾದರೂ ಓದಬೇಕು ಎಂಬುದೂ ಪದ್ಧತಿ. ಬಿಚ್ಚಿದೆ. ನಾನು ಹುಡುಕಿ ತೆಗೆದ ಎರಡು ವಿಳಾಸಗಳೂ ಅಚ್ಚಿನಲ್ಲಿ ಸುಮ್ಮನೆ ಕೂತಿದ್ದವು, ನಮಗೇನು ಗೊತ್ತು ಎಂಬಂತೆ. ಎರಡೂ ಸರಿಯಿದ್ದವು. ನನ್ನವು.

ಮಾರನೆಯ ದಿನ ಶಾಲೆಯಲ್ಲಿ ಕಮಿಟಿಯವರು ಬೆತ್ತದ ಕುರ್ಚಿಗಳಲ್ಲಿ ಕೂತರು. ಮೇಜಿನ ಮೇಲೆ ಪುಸ್ತಕ. ಅದರ ರಟ್ಟಿನ ಮೇಲಿನ ಕುಂಕುಮ ನೋಡಿ ಬೈಯಬೇಕೆಂದು ಬಾಯಿ ತೆರೆದ ಹೆಡ್‌ಮಾಸ್ಟರು ಹಾಗೇ ಕಣ್ಣಿಗೊತ್ತಿಕೊಂಡರು. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೆಷಿನ್ನಿನ ಮುಂದೆ ನಿಂತಳು. ಬೇಕೆಂದೇ ಮೊದಲ ಲೆಕ್ಕ ತಪ್ಪು ಮಾಡಿದಳು, ಚಾಲಾಕಿ. "ಮತ್ತೆ ಮಾಡು" ಎಂದು ಬಂತು. ಮಾಡಿದಳು. "ಸರಿ." ಕಿಟಕಿಯ ಹೊರಗೆ ಒಟ್ಟಾಗಿದ್ದ ಮಕ್ಕಳು ಹೋ ಎಂದರು.

ಕಾರ್ಯದರ್ಶಿಗಳು ಮುಖದಲ್ಲಿ ಏನೂ ತೋರಿಸಲಿಲ್ಲ. ಆದರೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ನನ್ನ ಹೆಸರು ಬರುತ್ತಾ?"

ಬರೆದೆ. ಪರದೆಯ ಬಲಗಡೆಯಿಂದ ಅವರ ಹೆಸರು ಹೊರಟಿತು. ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಮು, ನಾಲ್ಕು ನಾಲ್ಕು ಚೌಕ ಎಳೆಯಬೇಕು, ಒಂದೊಂದು ಅಕ್ಷರವೂ ಏದುಸಿರು ಬಿಟ್ಟುಕೊಂಡು ಬಂತು.

"ಏನ್ ಮೇಡಮ್ ಇದು, ಮೂಡಲಪಾಳ್ಯದ ಎತ್ತಿನಗಾಡಿ ಥರ? ಓಡಬೇಕು! ಸ್ಕೂಲ್ ಡೇ ದಿನ ಮಿನಿಸ್ಟರ್ ಕರೀಬೇಕು ಅಂತ ಇದೀನಿ. ಆವಾಗ ನನ್ನ ಹೆಸರು ಹಿಂಗೆ ತೆವಳ್ತಾ ಬಂದ್ರೆ?"

ಅವರ ಮುಖ ನೋಡಿದೆ. ಅವರಿಗೆ ಬೇಕಾದದ್ದು ಏನೆಂದು ತಿಳಿಯಿತು. ನನಗೆ ಬೇಕಾದದ್ದು ಏನೆಂದು ಮೊದಲೇ ತಿಳಿದಿತ್ತು.

"ಓಡಿಸಬಹುದು ಸಾರ್. ಅದಕ್ಕೆ ಬೇಸಿಕ್ ಸಾಲದು, ಮೆಷಿನ್ ಕೋಡಲ್ಲಿ, ಅಂದ್ರೆ ಅದರದೇ ನಂಬರಿನ ಭಾಷೇಲಿ ಬರೀಬೇಕು. ಅದೆಲ್ಲ ಇರೋದು ಈ ಪುಸ್ತಕದಲ್ಲಿ. ಪುಸ್ತಕ ಬೀರು ಒಳಗಿದ್ರೆ ಆಗಲ್ಲ, ನನ್ನ ಹತ್ರ ಇರಬೇಕು. ಮೆಷಿನ್ ಬಸವೇಶ್ವರನಗರದಲ್ಲಿದ್ರೂ ಆಗಲ್ಲ. ಇಲ್ಲೇ ಇರಬೇಕು."

ಹೆಡ್‌ಮಾಸ್ಟರು ತಾವೇ ಕುರ್ಚಿಯಾಗಿಬಿಟ್ಟವರಂತೆ ಕೂತಿದ್ದರು. ಆ ಮನುಷ್ಯ ಅವತ್ತು ಮಾಡಿದ್ದನ್ನು ನಾನು ಮರೆತಿಲ್ಲ. ಜನಿವಾರದಿಂದ ಬೀರುವಿನ ಬೀಗದ ಕೈ ಬಿಚ್ಚಿ, ಕಾರ್ಯದರ್ಶಿಗಳ ಎದುರಿಗೇ ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

"ಸ್ಕೂಲ್ ಡೇ ತನಕ ಇರಲಿ ಹಾಗಾದ್ರೆ," ಎಂದರು ಕಾರ್ಯದರ್ಶಿ.

ಸ್ಕೂಲ್ ಡೇಗೆ ಹೆಸರು ಓಡಿತು. ಆ ದಪ್ಪ ಪುಸ್ತಕದ ಒಂದೊಂದು ಪುಟವನ್ನೂ ನಾನು ಜಗಿದು ನುಂಗಿದ್ದೆ. ಮಿನಿಸ್ಟರು ಬರಲಿಲ್ಲ, ಅವರ ಬದಲು ಬಂದವರಾರೋ ನಿದ್ದೆ ಮಾಡಿದರು. ಆದರೆ ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ ಕೂತು ಮಗುವಿನ ಹಾಗೆ ನೋಡಿದರು. ಮುಗಿದ ಮೇಲೆ ನನ್ನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಹೆಸರಿನ ಪಕ್ಕ ಎರಡು ದೀಪ ಬಂದ್ರೆ?"

"ಮುಂದಿನ ವರ್ಷ ಸಾರ್."

ಮುಂದಿನ ವರ್ಷ ದೀಪ ಕೊಟ್ಟೆ. ಆಗ ದೀಪ ಉರಿಯುವ ಹಾಗೆ ಅಲ್ಲಾಡಬೇಕು ಎಂದರು. ಅದರ ಮುಂದಿನ ವರ್ಷ ಅಲ್ಲಾಡಿಸಿದೆ. ಆಗ ಹೆಸರಿನ ಸುತ್ತ ಹೂವಿನ ಹಾರ ಕೇಳಿದರು. ಅವರು ಒಂದೇ ಸಲ ಕೇಳಿದ್ದರೂ ನಾನು ಒಂದೇ ಸಲ ಕೊಡುತ್ತಿರಲಿಲ್ಲ. ವರ್ಷಕ್ಕೊಂದು, ಯಾವಾಗಲೂ ಒಂದು ಬಾಕಿ. ಅಷ್ಟರಲ್ಲಿ ನಮ್ಮ ಮಕ್ಕಳು ಆ ಪುಸ್ತಕದ ನಂಬರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಹೇಳುವಂತಾಗಿದ್ದರು, ಯಾರೂ ಕೇಳದಿದ್ದರೂ ಕಾರಿಡಾರಿನಲ್ಲಿ ಹೇಳುತ್ತಾ ಹೋಗುತ್ತಿದ್ದರು. ಮೆಷಿನ್ನುಗಳು ಬಸವೇಶ್ವರನಗರಕ್ಕೆ ಹೋಗಲೇ ಇಲ್ಲ. ರಾಜಾಜಿನಗರದಲ್ಲೇ ಕೀ ಸವೆದು, ಅಕ್ಷರ ಅಳಿಸಿ, ಮಕ್ಕಳ ಬೆರಳಿನ ಕೆಳಗೇ ಸತ್ತವು. ಅಂಥ ಸಾವು ಒಳ್ಳೆಯ ಸಾವು.

ಇವತ್ತು ಮದುವೆಮನೆಗಳಲ್ಲಿ ಹುಡುಗರು ಫೋನು ಹಿಡಿದು ನನ್ನನ್ನು ಕೇಳುತ್ತಾರೆ, "ಆಂಟಿ, ನಿಮಗೆ ಕನ್ನಡ ಟೈಪ್ ಮಾಡೋದು ಹೇಳ್ಕೊಡ್ಲಾ?" ಡಾರ್ಲಿಂಗ್, ನೀವು ಹುಟ್ಟುವ ಮುಂಚೆ ನಾನು ಆ ಅ ಯನ್ನು ಚುಕ್ಕಿ ಚುಕ್ಕಿಯಾಗಿ ಹಡೆದಿದ್ದೇನೆ ಎನ್ನಬೇಕೆನಿಸುತ್ತದೆ. ಹೇಳುವುದಿಲ್ಲ. "ಹೇಳ್ಕೊಡಪ್ಪ," ಎನ್ನುತ್ತೇನೆ. ಅವರು ಅ ಒತ್ತುತ್ತಾರೆ, ಅದು ತಕ್ಷಣ ಬರುತ್ತದೆ. ಬಾತುಕೋಳಿಯಾಗುವ ಭಯವೇ ಇಲ್ಲದ ಅ. ಎಲ್ಲೋ ಅತ್ತೆ ಹಲ್ಲಿನಿಂದ ದಾರ ಕಡಿದ ಸದ್ದು ಕೇಳಿದಂತಾಗುತ್ತದೆ.

ಕಾರ್ಯದರ್ಶಿಗಳನ್ನು ನಾನು ಕೊನೆಯ ಸಲ ನೋಡಿದ್ದು ವಿಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ. ನಾನು ಕೆಲಸ ಬಿಟ್ಟು ಬಹಳ ಕಾಲವಾಗಿತ್ತು, ಅವ್ವನಂತಿದ್ದ ಅತ್ತೆಯೂ ಇರಲಿಲ್ಲ. ಅವರು ಬೆಂಚಿನ ಆ ತುದಿಯಲ್ಲಿದ್ದರು, ಆಪರೇಷನ್ ಆದವರಿಗೆ ಕೊಡುವ ಹಸಿರು ಕನ್ನಡಕ, ಕೋಟಿನ ಜೇಬು ಖಾಲಿ. ನಾನು ಕೌಂಟರಿನಲ್ಲಿ ಏನೋ ಕೇಳಿದ ದನಿಗೆ ತಲೆ ಎತ್ತಿದರು.

"ಗಣಿತದ ಮೇಡಮ್ ಅಲ್ವೇನ್ರೀ?"

ಹೋಗಿ ಪಕ್ಕದಲ್ಲಿ ಕೂತೆ.

"ಹಾರ ಬರಲೇ ಇಲ್ಲ," ಎಂದರು.

"ಮುಂದಿನ ವರ್ಷ ಸಾರ್."

ಅವರು ಭುಜ ಕುಲುಕಿಸಿ ನಕ್ಕರು, ಪಕ್ಕದವರು ತಿರುಗಿ ನೋಡುವಷ್ಟು. "ದೀಪದ ವರ್ಷಾನೇ ಗೊತ್ತಾಯ್ತು ಕಣ್ರೀ ನಂಗೆ, ಏನ್ ಮಾಡ್ತಾ ಇದೀರ ಅಂತ."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಮತ್ತೆ?"

"ಆ ಕಡೆ ಸ್ಕೂಲಲ್ಲಿ ನನ್ನ ಹೆಸರನ್ನ ಕನ್ನಡದಲ್ಲಿ ಯಾರು ಬರೀತಿದ್ರು?" ಕೋಲು ಹುಡುಕಿ ಕೈಗೆ ತೆಗೆದುಕೊಂಡರು. "ಹಾರ ಇನ್ನು ಬೇಡ ಬಿಡಿ. ಅದನ್ನ ಮನೆಯವರೇ ಹಾಕ್ತಾರೆ."

ಒಳಗಿನಿಂದ ನರ್ಸು ಅವರ ಹೆಸರು ಕೂಗಿದಳು. ಕೈ ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದರು, ಅವರಿಗೂ ಹಟವಿತ್ತು. ಗೋಡೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು ಹೊರಟರು, ಅವರ ಹೆಸರು ಪರದೆಯ ಮೇಲೆ ಮೊದಲ ಸಲ ಹೊರಟ ಹಾಗೆಯೇ. ಆ ಹೆಸರು ಬಾಗಿಲು ದಾಟುವವರೆಗೂ ನಾನು ನಿಂತು ನೋಡಿದೆ.